ಕತ್ತೆಯ ಖಾಲಿ ಚೀಲ

ಕುರಿಮಂದೆಯೊಡನೆ ನಾಲ್ಕು ತಿಂಗಳು ನಡೆಯಲು ಹೊರಟ ದಿನ, ಹರೆಯದ ಕುದುರೆ ಕಂಡದ್ದನ್ನೆಲ್ಲ ತನ್ನ ಬೆನ್ನಿಗೇ ಹೇರಿಸಿಕೊಂಡಿತು. ಎರಡು ಹಂಡೆ, ಮಡಚುವ ಮಂಚ, ಬೇಸಿಗೆಯಲ್ಲೂ ಮಳೆ ಬಂದೀತೆಂದು ಮೂರು ಟಾರ್ಪಾಲು. ಮುದಿ ಕತ್ತೆಯ ಮೇಲಿದ್ದದ್ದು ಒಂದು ಕಂಬಳಿ, ಒಂದು ಪಾತ್ರೆ. ಪಕ್ಕದಲ್ಲಿ ಜೋತಿದ್ದ ಚೀಲ ಖಾಲಿ.

"ಖಾಲಿ ಚೀಲ ಹೊತ್ತು ನಡೆಯಲು ನಾಚಿಕೆಯಾಗದೇ ಅಜ್ಜ?" ಎಂದಿತು ಕುದುರೆ.

"ದಾರಿಯಲ್ಲಿ ಯಾರು ಜೊತೆಯಾಗುತ್ತಾರೋ ಹೇಳಲಾಗದು ಮಗಾ," ಎಂದಿತು ಕತ್ತೆ.

ಐದನೆಯ ದಿನ, ಯಾವಾಗಲೂ ಕುದುರೆಯ ನೆರಳಲ್ಲೇ ನಡೆಯುತ್ತಿದ್ದ ಕುರಿ ದಾರಿಯಲ್ಲೇ ಮರಿ ಹಾಕಿತು. ನೀರು ಇನ್ನೂ ಎರಡು ಹರದಾರಿ ಆಚೆಗಿತ್ತು, ಮಂದೆ ನಿಲ್ಲುವಂತಿರಲಿಲ್ಲ.

"ಅಣ್ಣ, ಇದಕ್ಕಿನ್ನೂ ಕಾಲು ನಿಂತಿಲ್ಲ. ಹೊತ್ತುಕೊಳ್ಳುತ್ತೀಯಾ?" ಕುರಿ ಕೇಳಿದ್ದು ಕುದುರೆಯನ್ನೇ.

ಕುದುರೆ ಕತ್ತು ತಿರುಗಿಸಿ ತನ್ನ ಬೆನ್ನನ್ನು ನೋಡಿಕೊಂಡಿತು. ಹಂಡೆಗಳೂ ಖಾಲಿಯೇ ಇದ್ದವು. ಆದರೆ ಬಿಸಿಲಿಗೆ ಕೆಂಡದಂತೆ ಕಾದಿದ್ದವು. ಉಳಿದಂತೆ ಅಂಗೈಯಗಲ ಜಾಗವಿರಲಿಲ್ಲ.

ಕತ್ತೆ ಕುರಿಯ ಪಕ್ಕಕ್ಕೆ ಬಂದು ನಿಂತಿತು. ಕುರಿಗಾರ ಮರಿಯನ್ನು ಅದರ ಚೀಲದೊಳಗೆ ಇಳಿಸಿದ.

ಅಂದಿನಿಂದ ಕುರಿ ಕತ್ತೆಯ ನೆರಳಲ್ಲಿ ನಡೆಯಿತು. ಕುದುರೆ ತಲೆ ತಗ್ಗಿಸಿ, ಸದ್ದಾಗದಂತೆ ಹೆಜ್ಜೆಯಿಡಲು ನೋಡುತ್ತ ಹಿಂದೆ ಬರುತ್ತಿತ್ತು. ಬೆನ್ನ ಮೇಲಿನ ಹಂಡೆಗಳು ಹೆಜ್ಜೆಹೆಜ್ಜೆಗೂ ಢಣಢಣ ಎನ್ನುತ್ತಿದ್ದವು.