ತಟ್ಟಿಬಾಗಿಲ ದಿಣ್ಣೆ

ನಮ್ಮೂರಿನ ಕೆರೆಕೋಡಿ ದಾಟಿ ಎಡಕ್ಕೆ ಹತ್ತಿದರೆ ಸಿಗುವುದೇ ತಟ್ಟಿಬಾಗಿಲ ದಿಣ್ಣೆ. ಇಲ್ಲಿನ ಹನ್ನೊಂದು ಮನೆಗಳೂ ಮಂಚ, ತೊಟ್ಟಿಲು, ತೂಗುಮಣೆ ಮಾಡುವ ಬಡಗಿಗಳವು. ಕಂಬದಿಂದ ತೊಲೆಯವರೆಗೆ ಎಲ್ಲವನ್ನೂ ಅವರೇ ಕೈಯಾರೆ ಕೆತ್ತಿ ನಿಲ್ಲಿಸಿದ್ದು. ಬಾಗಿಲವಾಡದ ಮೇಲೆ ಗಿಳಿ, ಬಳ್ಳಿ, ಏನುಂಟು ಏನಿಲ್ಲ. ಆದರೆ ಒಂದಕ್ಕೂ ಮರದ ಕದವಿಲ್ಲ, ಬಿದಿರಿನ ತಟ್ಟಿ ಕಟ್ಟಿದೆ. ಬಂದವರು ನಗುತ್ತಾರೆ. ನಗಲಿ. ನಾನೂ ಈ ದಿಣ್ಣೆಯವನೇ. ನಾಚಿಕೆಯ ಕಥೆಯನ್ನು ಮುಚ್ಚಿಡುವ ವಯಸ್ಸು ನನಗೆ ದಾಟಿದೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ನಮ್ಮ ಮೂಲಪುರುಷ ನಂಜಾಚಾರಿ ಇಲ್ಲಿ ಮೊದಲ ಮನೆ ಕಟ್ಟಿದನಂತೆ. ಅವನು ಮಾಡಿದ ಮಂಚ ಮೂರು ತಲೆಮಾರಾದರೂ ಕಿರುಗುಟ್ಟುತ್ತಿರಲಿಲ್ಲ ಎನ್ನುತ್ತಾರೆ. ಒಬ್ಬರು ತಂದುಕೊಟ್ಟ ಮರದಲ್ಲಿ ಮಿಕ್ಕ ಚಕ್ಕೆಯನ್ನೂ ಅವರಿಗೇ ಹಿಂದಿರುಗಿಸಬೇಕು, ಬಡಗಿಯ ಒಲೆಗೆ ಹಾಕಬಾರದು ಎಂಬುದು ನಮ್ಮವರ ಕಟ್ಟಳೆ. ಮನೆಯೆಲ್ಲ ಮುಗಿದು ಮುಂಬಾಗಿಲ ಕದಕ್ಕೆ ಒಳ್ಳೆಯ ಮರ ಸಿಗದೆ ಅವನು ಒದ್ದಾಡುತ್ತಿದ್ದಾಗ, ಕೆಳಗಿನ ಕೇರಿಯ ಮುದ್ದೀರಮ್ಮ ಎಂಬ ಮುದುಕಿ ಹಿತ್ತಲ ಹಲಸಿನ ದಿಮ್ಮಿಯನ್ನು ಗಾಡಿಯಲ್ಲಿ ತರಿಸಿದಳು. ತೀರಿಹೋದ ಗಂಡ ನೆಟ್ಟ ಮರ. ಹುಟ್ಟಲಿರುವ ಮೊಮ್ಮಗು ಅದರ ತೊಟ್ಟಿಲಲ್ಲೇ ಮಲಗಬೇಕೆಂಬುದು ಅವಳ ಒಂದೇ ಆಸೆ. ಕೊಯ್ದು ನೋಡಿದರೆ ಒಳಗೆ ಅರಿಶಿನದಂಥ ಬಣ್ಣ. ಅಲ್ಲಿಗೆ ಆ ಪುಣ್ಯಾತ್ಮನ ಬುದ್ಧಿ ಕೆಟ್ಟಿತು. 'ಒಳಗೆಲ್ಲ ಪೊಳ್ಳು ಕಣವ್ವಾ, ಸೌದೆಗೂ ಆಗಲ್ಲ' ಎಂದು ಮಾವಿನ ಹಲಗೆಯ ತೊಟ್ಟಿಲೊಂದನ್ನು ಮಾಡಿಕೊಟ್ಟು ಕಳಿಸಿದ. ಆಚಾರಿಯೇ ಹೇಳಿದ ಮೇಲೆ ಇನ್ನೇನು ಎಂದು ಮುದುಕಿ ನಂಬಿದಳು.

ಆ ಹಲಸು ಅವನ ಕದವಾಯಿತು. ಹಲಗೆಯ ನಡುವೆ ಅಂಗೈಯಗಲದ ಕಪ್ಪು ಕಲೆ. ಎಂದೋ ಬಡಿದ ಕಬ್ಬಿಣವನ್ನು ಮರ ನುಂಗಿ ಬೆಳೆದರೆ ಹಾಗಾಗುತ್ತದೆ. ಬೇರೆ ಕಳ್ಳನಾಗಿದ್ದರೆ ಅದನ್ನು ಕತ್ತರಿಸಿ ಎಸೆಯುತ್ತಿದ್ದ. ಇವನಿಗೆ ಕೈಚಳಕದ ಸೊಕ್ಕು. ಒಳಗೆ ಉಳಿದಿದ್ದ ಮುರುಕು ಕಬ್ಬಿಣದ ಬಳೆಯನ್ನೂ ಕೀಳದೆ, ಆ ಕಲೆಯನ್ನೇ ನಡುವಿಟ್ಟು ಸುತ್ತಲೂ ತಾವರೆ ಕೆತ್ತಿದ. ಕೆತ್ತನೆಗೆ ಎರಡು ವರ್ಷ ಹಿಡಿಯಿತು.

ಗೃಹಪ್ರವೇಶಕ್ಕೆ ಊರೆಲ್ಲ ಸೇರಿತ್ತು. ಮೊಮ್ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮುದ್ದೀರಮ್ಮನೂ ಬಂದಳು. ಕದದ ಮುಂದೆ ನಿಂತವಳು ಕಲೆಯ ಮೇಲೆ ಬೆರಳಿಟ್ಟು, 'ಇಲ್ಲೇ ಅಲ್ವೇ ನಮ್ಮೆಜಮಾನ್ರು ಮೇಕೆ ಕಟ್ಟೋಕೆ ಬಳೆ ಹೊಡ್ದಿದ್ದು' ಎಂದಳು. ಅವಳು ಬೈಯಲಿಲ್ಲ, ಅದೇ ಕೆಟ್ಟದ್ದಾಯಿತು. 'ಮುಟ್ಟು ಮಗಾ, ನಿಮ್ಮ ತಾತ ನೆಟ್ಟ ಮರ' ಎಂದು ಮಗುವಿನ ಕೈಯನ್ನು ತಾವರೆಗೆ ತಾಗಿಸಿ, 'ಪೊಳ್ಳಲ್ಲ ಬಿಡಿ ಆಚಾರ್ರೇ, ಚೆನ್ನಾಗದೆ' ಎಂದಳಂತೆ.

ನಂಜಾಚಾರಿ ಎಲೆ ಹಾಕುವ ಮೊದಲೇ ಕದ ಕಳಚಿದ. ಭಾವಮೈದುನರು ಕೈಹಾಕಲು ಬಂದರೂ ಬಿಡದೆ ಒಬ್ಬನೇ ಬೆನ್ನ ಮೇಲೆ ಹೊತ್ತು ಕೆಳಗಿನ ಕೇರಿಗೆ ಇಳಿದ. ಇದರಲ್ಲೇ ತೊಟ್ಟಿಲು ಮಾಡಿಕೊಡುತ್ತೇನೆ ಎಂದರೆ, 'ಮಗು ಆಗ್ಲೇ ಓಡಾಡ್ತದೆ, ತೊಟ್ಟಿಲು ಯಾರಿಗೆ' ಎಂದಳು ಮುದುಕಿ. ಅವಳ ಗುಡಿಸಲ ಕಿರುಬಾಗಿಲಿಗೆ ಆ ಕದ ಕೂರಲೂ ಇಲ್ಲ. ಆಗ ಅವನು ತಾನೇ ಮಣ್ಣು ತುಳಿದು, ಗೋಡೆ ಎಬ್ಬಿಸಿ, ಆ ಕದಕ್ಕೆ ತಕ್ಕಂತೆ ಅವಳಿಗೊಂದು ಮನೆ ಕಟ್ಟಿದ. ತನ್ನ ಬಾಗಿಲಿಗೆ ತಟ್ಟಿ ಕಟ್ಟಿಕೊಂಡ. ಅವನ ವಂಶದ ನಾವು ಇಂದಿಗೂ ಕದ ಇಟ್ಟಿಲ್ಲ.

ಆ ಮಣ್ಣಿನ ಮನೆ, ತಾವರೆಯ ಕದ ಈಗಲೂ ಇವೆ. ಮಕ್ಕಳ ಕೈ ತಾಗಿ ಕಪ್ಪು ಕಲೆ ನುಣುಪಾಗಿದೆ. ನೋಡಲು ಬಂದವರು ಫೋಟೋ ತೆಗೆದು, 'ಈ ಬಡವರ ಮನೆಗೆ ಇಂಥ ಬಾಗಿಲನ್ನು ಎಲ್ಲಿಂದ ಕದ್ದು ತಂದರೋ' ಎಂದು ತಮಾಷೆ ಮಾಡುತ್ತಾರೆ. ಮುದ್ದೀರಮ್ಮನ ಮನೆಯವರು ನಮ್ಮ ಮಾನ ಉಳಿಯಲೆಂದು ಸುಮ್ಮನಿರುತ್ತಾರೆ. ಅವರು ಸುಮ್ಮನಿದ್ದಷ್ಟೂ ನನಗೆ ಕೂರಲಾಗುವುದಿಲ್ಲ. ಎದ್ದು ಹೋಗಿ, 'ಕದ್ದವರು ಇವರಲ್ಲ ಸ್ವಾಮಿ, ನಾವು' ಎಂದು ಪ್ರತಿ ಸಲವೂ ಹೇಳಿ ಬರುತ್ತೇನೆ.