ಮುಗಿಲಜ್ಜಿಯ ಕೌದಿ ಜಗ್ಗಿದ ಕಥೆ

ಆಗ ಜಗತ್ತು ಹೊಚ್ಚ ಹೊಸದು. ಎಷ್ಟು ಹೊಸದೆಂದರೆ, ಮುಗಿಲಿನಲ್ಲಿ ಇನ್ನೂ ದಾರದ ತುದಿಗಳು ನೇತಾಡುತ್ತಿದ್ದವು.

ಮುಗಿಲಿನಲ್ಲಿ ದಾರ ಎಲ್ಲಿಂದ ಬಂತು ಎನ್ನುತ್ತೀರಾ? ಆಗ ಮುಗಿಲೆಂದರೆ ಒಂದು ಕೌದಿ. ಕೌದಿ ಎಂದರೆ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಸಾಲು ಸಾಲಾಗಿ ಹೊಲಿದ ಹಾಸಿಗೆ. ಮುಗಿಲಜ್ಜಿ ಕತ್ತಲೆಯ ತುಂಡುಗಳನ್ನೇ ಸೇರಿಸಿ ಅದನ್ನು ಹೊಲಿದಿದ್ದಳು. ಅದರ ಮೇಲೆ ಚುಕ್ಕಿಗಳು ಮನೆ ಮಾಡಿಕೊಂಡಿದ್ದವು.

ಚುಕ್ಕಿಗಳ ಮಕ್ಕಳೇ ಬೆಳಕು. ಅವರಿಗೆ ಇದ್ದದ್ದು ಒಂದೇ ನೇಮ: ಹೊಲಿಗೆಯ ಸಾಲು ಹಿಡಿದು ಓಡಬೇಕು, ಸಾಲು ಬಿಡಬಾರದು. ಬಿಟ್ಟವರು ಆರಿಹೋಗುತ್ತಾರೆ. ದೀಪ ಆರುತ್ತದಲ್ಲ, ಹಾಗೆ.

ಸರಳಿ ಅಂಥ ಒಬ್ಬ ಬೆಳಕಿನ ಹುಡುಗಿ. ಅವಳ ತಾಯಿ ಬೆಳ್ಳವ್ವ, ಕೌದಿಯ ಆಚೆ ಮೂಲೆಯ ಪುಟ್ಟ ಚುಕ್ಕಿ.

ಅವತ್ತು ಭೂಮಿ ಎಂಬ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಎಲ್ಲ ಚುಕ್ಕಿಗಳೂ ಕೂಸಿನ ಮುಖ ನೋಡಲು ಮಕ್ಕಳನ್ನು ಕಳಿಸುತ್ತಿದ್ದವು. ಯಾರ ಮಗಳು ತೊಟ್ಟಿಲು ಮುಟ್ಟುತ್ತಾಳೋ ಅವರ ಮನೆ ಕೂಸಿಗೆ ಗೊತ್ತಾಗುತ್ತದೆ. ಮುಟ್ಟದಿದ್ದರೆ, ಆ ಚುಕ್ಕಿ ಭೂಮಿಯ ಪಾಲಿಗೆ ಇದ್ದೂ ಇಲ್ಲ.

ಸರಳಿ ಹೊರಟು ನಿಂತಿದ್ದಳು. ಅಷ್ಟರಲ್ಲಿ ಅಜ್ಜಿಗೆ ಒಂದು ಶಾಸ್ತ್ರ ನೆನಪಾಯಿತು. ಹೊಸ ಕೌದಿಯ ಹೊಟ್ಟೆ ತುಂಬಿಸಬೇಕು. ಅಂದರೆ ನಡುವೆ ಏನಾದರೂ ತಿನಿಸು ಇಡಬೇಕು. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲವಂತೆ!

ಅಜ್ಜಿ ಬಿಸಿ ಬೆಲ್ಲದ ಪಾಕದಲ್ಲಿ ಒಂದು ಉಂಡೆ ಕಟ್ಟಿದಳು. “ಇಷ್ಟು ದೊಡ್ಡ ಕೌದಿಗೆ ಇಷ್ಟ ಸಾಕೇನು?” ಎಂದು ಇನ್ನಷ್ಟು ಕಟ್ಟಿದಳು. ಮತ್ತಷ್ಟು ಕಟ್ಟಿದಳು. ಉಂಡೆ ಬೆಟ್ಟಕ್ಕಿಂತ ದೊಡ್ಡದಾಗಿ ಧಗಧಗ ಹೊಳೆಯಿತು. ಅದೇ ಸೂರ್ಯ. ನಡುವೆ ಇಟ್ಟಳು ನೋಡಿ, ಕೌದಿ ಗುಳಿ ಬಿದ್ದು ಜಗ್ಗಿಹೋಯಿತು!

“ಏನಬೇ ಮುದುಕಿ, ಚಂದಾನ ಕೌದಿ ಕೆಡಿಸಿಬಿಟ್ಟಿ! ಉಂಡಿ ತಗದು ಹಾಕು” ಎಂದವು ಚುಕ್ಕಿಗಳು. ಅಜ್ಜಿಯ ಮುಖ ಸಣ್ಣದಾಯಿತು.

ಸರಳಿಯ ಮುಖ ಇನ್ನೂ ಸಣ್ಣದಾಯಿತು. ಅವಳ ಮನೆಯಿಂದ ತೊಟ್ಟಿಲಿಗೆ ಹೋಗುವ ಸಾಲಿನ ಮೇಲೇ ಉಂಡೆ ಕೂತಿತ್ತು.

“ಸರಳೀ, ನೀ ಉಂಡಿ ನೆಕ್ಕೋತ ಕೂಡು!” ಎಂದು ಬೇರೆ ಬೆಳಕಿನ ಮಕ್ಕಳು ನಗುತ್ತ ಓಡಿದರು.

“ಅವ್ವಾ, ಪಕ್ಕದ ಸಾಲು ಹಿಡದು ಹೋಗ್ಲೇನು?”

“ಅದು ಉಂಡಿ ಅಂಚಿಗೆ ಹಾದು, ತೊಟ್ಟಲಾ ಬಿಟ್ಟು ಆಚೆ ಹೋಗತೈತಿ ಮಗಳ.”

“ಹೋಗ್ಲಿ ಬಿಡು. ದೂರಿಂದರ ಕೂಸಿನ ಮುಖ ನೋಡತೀನಿ.”

ಓಡಿದಳು ಸರಳಿ. ಉಂಡೆಯ ಅಂಚಿಗೆ ಬಂದಾಗ ಬೆಲ್ಲದ ಘಮ ಮೂಗಿಗೆ ಬಡಿಯಿತು. ತೊಟ್ಟಿಲು ಮುಂದೆ, ಸಾಲಿನ ಪಕ್ಕದಲ್ಲೆಲ್ಲೋ ತೂಗುತ್ತಿತ್ತು. ಸಾಲು ಬಿಟ್ಟು ಆ ಕಡೆ ಹಾರಲೇ? ಆದರೆ ಆರಿಹೋದರೆ ಅವ್ವನ ಮನೆಯ ಸುದ್ದಿ ಹೇಳುವವರಾರು? ಸರಳಿ ಕಣ್ಣು ಕೆಳಗಿಟ್ಟು, ಹೊಲಿಗೆಯನ್ನಷ್ಟೇ ನೋಡುತ್ತ, ನೆಟ್ಟಗೆ ನೆಟ್ಟಗೆ ಓಡಿದಳು.

ಢಬ್! ಹಣೆ ಯಾವುದಕ್ಕೋ ಬಡಿಯಿತು. ನೋಡಿದರೆ ತೊಟ್ಟಿಲು!

“ಅಯ್ಯೋ ಅಜ್ಜೀ, ನಾ ಸಾಲು ಬಿಟ್ಟೆ! ಇನ್ನ ಆರಿಹೋಗತೀನಿ!” ಎಂದು ಸರಳಿ ಕಿರುಚಿದಳು. ಆದರೆ ಕೈ ನೋಡಿಕೊಂಡರೆ ಕೈ ಹೊಳೆಯುತ್ತಿತ್ತು, ಕಾಲು ನೋಡಿಕೊಂಡರೆ ಕಾಲು ಹೊಳೆಯುತ್ತಿತ್ತು.

ಅಜ್ಜಿ ಬಗ್ಗಿ ಸಾಲನ್ನು ಬೆರಳಿಂದ ಸವರಿ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಹುಚ್ಚೀ, ನೀ ಎಲ್ಲಿ ಬಿಟ್ಟಿ? ಕೌದಿ ಜಗ್ಗಿದಾಗ ಸಾಲ ಬಾಗೇತಿ. ನೀ ನೆಟ್ಟಗ ಓಡಿದಿ, ದಾರಿ ತಿರುಗಿತು!”

ನಿಮಗೂ ನಂಬಿಕೆ ಬರದಿದ್ದರೆ, ಮೆತ್ತನೆಯ ಹಾಸಿಗೆಯ ನಡುವೆ ಕೂತು, ಪಕ್ಕದಲ್ಲಿ ಒಂದು ಗೋಲಿ ಉರುಳಿಸಿ. ನೆಟ್ಟಗೆ ಹೊರಟ ಗೋಲಿ ನಿಮ್ಮ ಕಡೆಗೆ ವಾಲುತ್ತದೆ. ಅದಕ್ಕೆ ನಿಮ್ಮ ಮೇಲೆ ಪ್ರೀತಿ ಅಂತಲ್ಲ, ಹಾಸಿಗೆ ಜಗ್ಗಿದೆ ಅಂತ.

ಕೂಸು ಕಣ್ಣು ಬಿಟ್ಟಿತು. ಹೊಸ ಜಗತ್ತಿನಲ್ಲಿ ಕೂಸುಗಳಿಗೂ ಮಾತು ಬರುತ್ತಿತ್ತು. “ನಿಮ್ಮ ಮನಿ ಎಲ್ಲೈತಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ, ಸರಳಿ ಬಂದ ಕಡೆಗೆ ನೆಟ್ಟಗೆ ಬೆರಳು ತೋರಿಸಿತು: “ಅಲ್ಲಿ! ಉಂಡಿ ಪಕ್ಕದಾಗ!”

“ಅಲ್ಲೋ ತಮ್ಮಾ, ಉಂಡಿ ಹಿಂದ! ನಾ ಬಾಗಿದ ದಾರ್‍ಯಾಗ ಬಂದೀನಿ.”

“ಇಲ್ಲ, ಅಲ್ಲೇ!” ಎಂದಿತು ಹಟಮಾರಿ ಕೂಸು.

ಎಲ್ಲರೂ ನಕ್ಕರು. ದೂರದಲ್ಲಿ ಬೆಳ್ಳವ್ವ ಮಿಣಮಿಣ ಕುಣಿದಳು. ಉಂಡೆ ತೆಗೆದುಹಾಕು ಎಂದು ಆಮೇಲೆ ಯಾರೂ ಅಜ್ಜಿಗೆ ಹೇಳಲಿಲ್ಲ.

ಅದಕ್ಕೇ ಇವತ್ತಿಗೂ, ಗ್ರಹಣದಲ್ಲಿ ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚಿದಾಗ ದೂರದರ್ಶಕದಿಂದ ತೆಗೆದ ಚಿತ್ರಗಳಲ್ಲಿ, ಸೂರ್ಯನ ಅಂಚಿನ ಚುಕ್ಕಿಗಳು ತಮ್ಮ ಮನೆಯಿಂದ ಕೂದಲೆಳೆಯಷ್ಟು ಆಚೆ ಸರಿದಂತೆ ಕಾಣುತ್ತವೆ; ಭೂಮಿ ಇನ್ನೂ “ಅಲ್ಲೇ!” ಎಂದು ಬೆರಳು ತೋರಿಸುತ್ತಿದೆ, ಸರಳಿ ಇನ್ನೂ ನಗುತ್ತ ಓಡಿ ಬರುತ್ತಿದ್ದಾಳೆ.