ಪೆಡಲ್ ಮತ್ತು ಹಾಡುಗಾರ್ತಿ

"ಮಾಸ್ತರೇ, ಓವರ್‌ಡ್ರೈವ್ ಒಳ್ಳೆಯದೋ, ಡಿಸ್ಟಾರ್ಶನ್ ಒಳ್ಳೆಯದೋ?" ಎಂದು ಜೋಯ್ಸನ್ ಕೇಳಿದ.

ಅವನು ಎಲಿಯಾಸ್ ಮಾಸ್ತರರ ಬಳಿ ಗಿಟಾರ್ ಕಲಿಯುತ್ತಿದ್ದ. ಹೊಸದಾಗಿ ಒಂದು ಪೆಡಲ್ ಕೊಳ್ಳಬೇಕೆಂದಿದ್ದ. ಒಂದೇ ಪೆಟ್ಟಿಗೆ, ಎರಡು ಸ್ವಿಚ್ಚು. ಓವರ್‌ಡ್ರೈವನ್ನು ಕಾಲಿನಿಂದ ಒತ್ತಿದರೆ ಗಿಟಾರಿನ ದನಿ ತುಸು ಒರಟಾಗುತ್ತದೆ. ಡಿಸ್ಟಾರ್ಶನ್ ಒತ್ತಿದರೆ ಗರ್ಜಿಸುತ್ತದೆ. ಯಾವ ಕಂಪನಿಯದು ಕೊಳ್ಳಬೇಕು, ಒರಟುತನವನ್ನು ಹೆಚ್ಚು ಕಡಿಮೆ ಮಾಡುವ ಗೇನ್ ಗುಂಡಿಯನ್ನು ಎಷ್ಟಕ್ಕಿಡಬೇಕು, ಎರಡನ್ನೂ ಒಟ್ಟಿಗೆ ಹಾಕಬಹುದೇ ಎಂದು ಅವನು ಒಂದೇ ಉಸಿರಿಗೆ ಕೇಳುತ್ತಾ ಹೋದ.

ಮಾಸ್ತರರು ತಮ್ಮ ಗಿಟಾರನ್ನು ಗೋಡೆಗೆ ಒರಗಿಸಿಟ್ಟರು. "ಒಬ್ಬ ವಾದಕನ ಕತೆ ಹೇಳುತ್ತೇನೆ, ಕೇಳು" ಎಂದರು.

ಆ ವಾದಕ ಮದುವೆಯ ಆರತಕ್ಷತೆಗಳಲ್ಲಿ ನುಡಿಸುವ ಒಂದು ತಂಡದಲ್ಲಿದ್ದ. ಅದೇ ತಂಡದಲ್ಲಿ ಒಬ್ಬ ಹಾಡುಗಾರ್ತಿ ಇದ್ದಳು. ವಯಸ್ಸಿನಲ್ಲಿ ಅವನಿಗಿಂತ ದೊಡ್ಡವಳು. ಅವಳ ದನಿ ಜೋರಾದುದಲ್ಲ, ಆದರೆ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು. ಊಟಕ್ಕೆ ಕುಳಿತವರು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಜನ ಅವಳನ್ನು ಹುಡುಕಿಕೊಂಡು ಬಂದು ಮಾತಾಡಿಸುತ್ತಿದ್ದರು. ವಾದಕ ಪಕ್ಕದಲ್ಲೇ ವಯರು ಸುತ್ತುತ್ತಾ ನಿಂತಿರುತ್ತಿದ್ದ. ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ತನ್ನ ವಾದ್ಯವೂ ನಾಲ್ಕು ಜನರ ಕಿವಿಗೆ ಬೀಳಲಿ ಎಂದು ಅವನಿಗೆ ಆಸೆಯಾಯಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅವನು ಪೇಟೆಯ ಅಂಗಡಿಗೆ ಹೋಗಿ ನೀನು ಹೇಳಿದಂಥ ಪೆಡಲನ್ನೇ ಕೇಳಿದ. ಅಂಗಡಿಯ ಚಿಕ್ಕ ಕೋಣೆಯಲ್ಲಿ ಒಬ್ಬನೇ ಕುಳಿತು ನುಡಿಸಿ ನೋಡಿದ. ಓವರ್‌ಡ್ರೈವ್ ಅವನಿಗೆ ಸಪ್ಪೆ ಅನ್ನಿಸಿತು. ಮೆಲ್ಲಗೆ ಮೀಟಿದರೆ ತಂತಿ ಮೊದಲಿನಂತೆಯೇ ನುಡಿಯುತ್ತಿತ್ತು. ಬಲವಾಗಿ ಮೀಟಿದಾಗ ಮಾತ್ರ ಸ್ವರದ ಅಂಚು ಒಡೆಯುತ್ತಿತ್ತು. ಡಿಸ್ಟಾರ್ಶನ್ ಹಾಗಲ್ಲ. ಬೆರಳು ತಾಗಿದರೆ ಸಾಕು, ಕೋಣೆಯ ಗಾಜು ನಡುಗುತ್ತಿತ್ತು. ಗೇನನ್ನು ಕೊನೆಯವರೆಗೆ ತಿರುಗಿಸಿದ. ಎದೆ ತುಂಬಿ ಬಂತು. ಪೆಡಲ್ ಕೊಂಡು ಮನೆಗೆ ಬಂದ.

ಮುಂದಿನ ಮದುವೆಯಲ್ಲಿ ಅವನು ಆ ಸ್ವಿಚ್ಚನ್ನು ಒತ್ತಿದ. ಹುಡುಗರು ಶಿಳ್ಳೆ ಹಾಕಿ ಕುಣಿದರು. ಅಂದು ಮೊದಲ ಸಲ ಜನ ಅವನ ಕೈ ಕುಲುಕಿದರು. ಅಲ್ಲಿಂದಾಚೆ ಅವನು ಆ ಸ್ವಿಚ್ಚಿನಿಂದ ಕಾಲು ತೆಗೆಯಲಿಲ್ಲ. ಆದರೆ ಡ್ರಮ್ಮು, ಕೀಬೋರ್ಡಿನ ನಡುವೆ ಅವನ ಸ್ವರಗಳು ಒಂದರಲ್ಲೊಂದು ಕಲಸಿಹೋಗುತ್ತಿದ್ದವು. ತನ್ನ ಗಿಟಾರ್ ತನಗೇ ಕೇಳುತ್ತಿಲ್ಲವೆಂದು ಅವನು ದನಿ ಏರಿಸಿದ. ಹಾಡುಗಾರ್ತಿಗೆ ತನ್ನ ದನಿ ಕೇಳಿಸದಾಯಿತು. ಅವಳೂ ಏರಿಸಿದಳು. ಅವನಿಗೆ ಯಂತ್ರವಿತ್ತು. ಅವಳು ಮೈಕಿದ್ದರೂ ಏರಿಸಬೇಕಾದದ್ದು ಗಂಟಲನ್ನೇ.

ಒಂದು ಮದುವೆಯಲ್ಲಿ ಹಾಡಿನ ನಡುವೆ ಅವಳ ದನಿ ಒಡೆಯಿತು. ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ತಲೆ ತಗ್ಗಿಸಿ ಪೆಡಲನ್ನು ನೋಡುತ್ತಿದ್ದ ವಾದಕನಿಗೆ ಅದು ತಿಳಿಯಲಿಲ್ಲ. ಉಳಿದವರೆಲ್ಲ ನಿಲ್ಲಿಸಿದ ಮೇಲೂ ಅವನು ನುಡಿಸುತ್ತಲೇ ಇದ್ದ. ತಲೆ ಎತ್ತಿದಾಗ ಅವಳು ಮೈಕನ್ನು ಕೆಳಗಿಳಿಸಿ ನಿಂತಿದ್ದಳು.

ಡಾಕ್ಟರು ಅವಳಿಗೆ ಹಾಡುವುದಿರಲಿ, ಮಾತೂ ಆಡಬಾರದು ಎಂದರು. ದನಿ ಮೊದಲಿನಂತೆ ಬರುತ್ತದೆಯೋ ಇಲ್ಲವೋ ಎಂದು ಹೇಳಲು ಅವರಿಗೂ ಆಗಲಿಲ್ಲ.

ವಾದಕ ಅವಳ ಮನೆಗೆ ಹೋದ. ಅವಳು ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ.

"ಅಕ್ಕಾ, ಹೀಗಾದದ್ದು ನನ್ನಿಂದಲೇ. ಆ ಪೆಡಲನ್ನು ಇವತ್ತೇ ಯಾರಿಗಾದರೂ ಕೊಟ್ಟುಬಿಡುತ್ತೇನೆ" ಎಂದ.

ಅವಳು ತಲೆಯಾಡಿಸಿ ಬೇಡವೆಂದಳು. ಪೆಡಲ್ ಒತ್ತುವ ಅವನ ಕಾಲಿನತ್ತ ಬೆರಳು ತೋರಿಸಿ, ಇಲ್ಲಿಗೆ ತಾ ಎಂದು ಕೈ ಮಾಡಿದಳು. ಮರುದಿನ ಅವನು ಗಿಟಾರು, ಪೆಡಲು, ದನಿ ಹೊರಡಿಸುವ ಚಿಕ್ಕ ಆಂಪ್ ಎಲ್ಲವನ್ನೂ ಅವಳ ಮನೆಗೆ ತಂದ. ಅವಳು ಎದುರಿಗೆ ಕುಳಿತಳು. ಅವನು ಅವಳ ಹಾಡನ್ನು ನುಡಿಸಿದ. ಅವಳು ಹಾಡಲಿಲ್ಲ; ಹಾಡುವವಳಂತೆ ತುಟಿ ಮಾತ್ರ ಆಡಿಸಿದಳು. ದನಿ ಹೆಚ್ಚಾದಲ್ಲಿ ಅಂಗೈಯನ್ನು ಕೆಳಕ್ಕೆ ಒತ್ತಿದಳು. ಅವನು ಗೇನ್ ಇಳಿಸಿದ. ಅವಳು ಇನ್ನೂ ಒತ್ತಿದಳು. ಅವನು ಇನ್ನೂ ಇಳಿಸಿದ. ಒಂದು ಕಡೆ ಅವಳ ಕೈ ನಿಂತಿತು.

ಹೀಗೆ ಅವನು ಎಷ್ಟೋ ಸಂಜೆ ಅಲ್ಲಿಗೆ ಹೋದ. ಅವಳ ತುಟಿ ಆಡುವಾಗ ಓವರ್‌ಡ್ರೈವಿನಲ್ಲಿ ಮೆಲ್ಲಗೆ ಮೀಟಬೇಕೆಂದು ತಿಳಿದುಕೊಂಡ. ಚರಣ ಮುಗಿಸಿ ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದನ್ನು ಅಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದರೂ ಅವನು ಗಮನಿಸಿರಲಿಲ್ಲ, ಈಗ ಗಮನಿಸಿದ. ಅಲ್ಲಿ ಡಿಸ್ಟಾರ್ಶನ್ ಒತ್ತಿದಾಗ ಅವಳು ತಡೆಯಲಿಲ್ಲ. ಗೇನ್ ಅರ್ಧಕ್ಕಿಟ್ಟು, ಕೆಳಸ್ವರಗಳ ಗುಡುಗನ್ನು ಕಡಿಮೆ ಮಾಡಿದ ಮೇಲೆ ಅಲ್ಲಿಯೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳಿತು. ಅವಳು ತೊಡೆ ತಟ್ಟಿ ತಾಳ ಹಾಕಿದಳು.

ಡಾಕ್ಟರು ಒಪ್ಪಿಗೆ ಕೊಟ್ಟ ದಿನ ಅವಳು ಒಂದು ಹಾಡು ಹಾಡಿದಳು. ದನಿ ಬಂದಿತ್ತು. ಮೇಲಿನ ಸ್ವರದಲ್ಲಿ ಸ್ವಲ್ಪ ತೆಳುವಾಗಿತ್ತು, ಅಷ್ಟೆ. ವಾದಕ ಅವಳಿಗೆ ಜಾಗ ಬಿಟ್ಟು ನುಡಿಸಿದ. ಅವಳು ನಿಲ್ಲಿಸಿದ ಕಡೆ ಡಿಸ್ಟಾರ್ಶನ್ ಸ್ವಿಚ್ಚು ಒತ್ತಿ, ಅವಳು ಮತ್ತೆ ಹಾಡಲು ಶುರುಮಾಡುವಷ್ಟರಲ್ಲಿ ತೆಗೆದ.

ಹಾಡು ಮುಗಿಸಿ ಅವಳು, "ಈಗ ನನ್ನ ದನಿ ನನಗೆ ಕೇಳುತ್ತದೆ ಮಾರಾಯಾ. ನಿನ್ನದೂ ಕೇಳುತ್ತದೆ. ಮೊದಲು ನಿನ್ನ ಪೆಟ್ಟಿಗೆಯದು ಮಾತ್ರ ಕೇಳುತ್ತಿತ್ತು" ಎಂದು ನಕ್ಕಳು.

ಆಮೇಲೆ ಅವರಿಬ್ಬರೂ ಬಹಳ ವರ್ಷ ಒಂದೇ ವೇದಿಕೆಯಲ್ಲಿದ್ದರು. ಹುಡುಗರು ಈಗಲೂ ಕುಣಿದರು, ಊಟಕ್ಕೆ ಕುಳಿತವರು ಈಗಲೂ ಕೇಳಿದರು. ವಾದಕ ಸುಖವಾಗಿದ್ದ.

ಮಾಸ್ತರರು ಕತೆ ಮುಗಿಸಿ ಗಿಟಾರನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

"ಹಾಗಾದರೆ ಓವರ್‌ಡ್ರೈವೇ ಮೇಲು ಅಲ್ಲವೇ, ಮಾಸ್ತರೇ?" ಎಂದ ಜೋಯ್ಸನ್.

ಮಾಸ್ತರರು ತಂತಿಯೊಂದನ್ನು ಶ್ರುತಿಗೆ ತರುತ್ತಾ ಹೇಳಿದರು: "ಪೆಡಲಿನ ವಿಷಯ ಇಷ್ಟೆಲ್ಲ ಕೇಳಿದೆ, ನೀನು ಯಾರ ಜೊತೆ ನುಡಿಸುತ್ತೀ ಎಂದು ಮಾತ್ರ ಇನ್ನೂ ಹೇಳಲಿಲ್ಲ."